ಎದುರಾಳಿಯ ಮತ

ಬೇಸಿಗೆ ಬಂತೆಂದರೆ ಯುರೋಪಿನ ಕಡಲಲ್ಲಿ ಹಳೆಯ ಮಾದರಿಯ ದೊಡ್ಡ ಹಾಯಿಹಡಗುಗಳು ಪಂದ್ಯಕ್ಕೆ ಇಳಿಯುತ್ತವೆ. 1956ರಲ್ಲಿ ಇಂಗ್ಲೆಂಡಿನಿಂದ ಪೋರ್ಚುಗಲ್ಲಿನ ಲಿಸ್ಬನ್‌ಗೆ ಮೊದಲ ಓಟ ನಡೆಯಿತು. ಹಡಗಿನಲ್ಲಿರುವವರಲ್ಲಿ ಅರ್ಧದಷ್ಟಾದರೂ 15ರಿಂದ 25ರ ಪ್ರಾಯದವರಿರಬೇಕು ಎಂಬುದು ನಿಯಮ.

ಹಡಗು ಹತ್ತಿದ ಹೊಸಬರಿಗೆ ಮೊದಮೊದಲು ಹೊಟ್ಟೆ ತೊಳಸುತ್ತದೆ. ಆಮೇಲೆ ಅಂಗೈಯಲ್ಲಿ ಹಗ್ಗದ ಬೊಬ್ಬೆ ಏಳುತ್ತದೆ. ಭಾರದ ಹಾಯಿ ಏರಿಸಲು ಹಲವರು ಸಾಲಾಗಿ ನಿಂತು ಒಂದೇ ದನಿಗೆ ಹಗ್ಗ ಜಗ್ಗಬೇಕು. ಒಬ್ಬನೇ ಬಲಶಾಲಿ ಇದ್ದು ಪ್ರಯೋಜನವಿಲ್ಲ. ಕಾಲೇಜಿನಲ್ಲಿ ಯಾರಿಗೆ ಎಷ್ಟು ಅಂಕ ಬಂದಿತ್ತೆಂದು ಆ ಹೊತ್ತಿನಲ್ಲಿ ಯಾರು ಕೇಳುತ್ತಾರೆ, ಹೇಳಿ!

ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಪದ್ಧತಿ. ಎರಡು ಓಟಗಳ ನಡುವೆ ಹಡಗುಗಳು ಸ್ಪರ್ಧೆ ಬಿಟ್ಟು ಜೊತೆಯಾಗಿ ಸಾಗುವುದುಂಟು. ಆಗ ಹುಡುಗ ಹುಡುಗಿಯರು ಬೇರೆ ದೇಶದ ಹಡಗು ಹತ್ತುತ್ತಾರೆ. ಅವರ ಅಡುಗೆ ಉಣ್ಣುತ್ತಾರೆ, ಅವರ ಹಗ್ಗ ಎಳೆಯುತ್ತಾರೆ.

ವೇಗಕ್ಕೆ ಬಹುಮಾನ ಇದ್ದೇ ಇದೆ. ಆದರೆ ಸ್ನೇಹ ಬೆಳೆಸಿದ ಹಡಗಿಗೂ ಒಂದು ಬಹುಮಾನವಿದೆ. ಅದನ್ನು ಆರಿಸುವವರು ಪಂದ್ಯಕ್ಕೆ ಬಂದ ಹಡಗುಗಳವರೇ. ಎದುರಾಳಿಯ ಮತ ಗಳಿಸುವುದು ಗಾಳಿಯನ್ನು ಗೆಲ್ಲುವುದಕ್ಕಿಂತ ಕಷ್ಟವೆಂದು ನನ್ನ ಎಣಿಕೆ.

ಗೋವಾದಲ್ಲಿ ಕಟ್ಟಿದ ನಮ್ಮ ನೌಕಾಪಡೆಯ ‘ತರಂಗಿಣಿ’ಯೂ ಈ ಪಂದ್ಯಗಳಿಗೆ ಹೋಗಿಬಂದಿದೆ. ಮೂರು ಹಾಯಿಕಂಬಗಳ ಆ ಹಡಗಿನ ನೆಲೆ ಕೊಚ್ಚಿ.