ಯೆಲ್ಲೋಸ್ಟೋನ್ ಗೋಡೆ ಮೇಲೆ, ಬಿಲ್ಲಲ್ಲಿ ಏನು?

ಅಮೆರಿಕದಲ್ಲಿ ಹೊಸ ಮನೆ ಮಾಡಿದ ನಮ್ಮವರಿಗೆ ಹಾಲ್ ಗೋಡೆಗೊಂದು ದೊಡ್ಡ ಚಿತ್ರ ಬೇಕು. ಕಾಡು, ಕಣಿವೆ, ಜಲಪಾತ. ಹುಡುಕಿದ್ರೆ ಥಾಮಸ್ ಮೊರಾನ್ ಬರೆದ ಯೆಲ್ಲೋಸ್ಟೋನ್ ಕಣಿವೆ ಸಿಗುತ್ತೆ, 'ಅಕ್ರಿಲಿಕ್ ರಿಪ್ರೊಡಕ್ಷನ್' ಅಂತ. ಅಲ್ಲಾ ಸ್ವಾಮಿ, ಇಲ್ಲಿ ಅಕ್ರಿಲಿಕ್ ಯಾವುದು? ಬಣ್ಣವೋ, ಹಾಳೆಯೋ?

ಮೂಲ ಚಿತ್ರದ ತೂಕ ನೋಡಿ. 1871ರಲ್ಲಿ ಹೇಡನ್ ಸರ್ವೆ ತಂಡದ ಜೊತೆ ಮೊರಾನ್ ಯೆಲ್ಲೋಸ್ಟೋನ್‌ಗೆ ಹೋದ. ಫೋಟೋಗ್ರಾಫರ್ ವಿಲಿಯಂ ಹೆನ್ರಿ ಜಾಕ್ಸನ್ ಕೂಡ ಇದ್ದ. ಇವನ ಜಲವರ್ಣ, ಅವನ ಫೋಟೋ ನೋಡಿದ ಸಂಸದರಿಗೆ ಆ ಜಾಗ ಏನು ಅಂತ ಅರ್ಥವಾಯ್ತು. 1872ರ ಮಾರ್ಚ್ 1ಕ್ಕೆ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನವಾಯ್ತು. ಅದೇ ವರ್ಷ ಮೊರಾನ್ ಮುಗಿಸಿದ ತೈಲಚಿತ್ರಕ್ಕೆ ಸಂಸತ್ತು ಕೊಟ್ಟಿದ್ದು 10,000 ಡಾಲರ್. ಏಳಡಿ ಎತ್ತರ, ಹನ್ನೆರಡಡಿ ಅಗಲ! ಅಕ್ರಿಲಿಕ್ ಬಣ್ಣ ಆಗಿನ್ನೂ ಹುಟ್ಟೇ ಇರಲಿಲ್ಲ.

ಇವತ್ತು ಅದೇ ಹೆಸರಲ್ಲಿ ಮೂರು ಮಾಲು ಮಾರ್ತಾರೆ. ಅಕ್ರಿಲಿಕ್ ಬಣ್ಣದಲ್ಲಿ ಕಲಾವಿದರು ಕೈಯಾರೆ ಬರೆದ ನಕಲು ಒಂದು. ಗಾಜಿನಂಥ ಅಕ್ರಿಲಿಕ್ ಹಾಳೆಗೆ ಹಾಕಿದ ಪ್ರಿಂಟ್ ಇನ್ನೊಂದು. ಮೂರನೆಯದೇ ಕಿತಾಪತಿ. ಕ್ಯಾನ್ವಾಸ್ ಮೇಲೆ ಯಂತ್ರದ ಪ್ರಿಂಟ್, ಅದರ ಮೇಲೆ ಬಣ್ಣವಿಲ್ಲದ ಅಕ್ರಿಲಿಕ್ ಜೆಲ್ ಸವರಿ ಬ್ರಷ್ ಗೀರು ಎಬ್ಬಿಸಿರ್ತಾರೆ. ಕೈಬರಹದ್ದು ಅಂತ ಬೆಲೆ ಹೇಳಿದ್ರೆ ಪಕ್ಕದಿಂದ ಟಾರ್ಚ್ ಬಿಡಿ. ಗೀರು ಬಂಡೆಯ ಅಂಚನ್ನೂ ನೀರಿನ ಅಂಚನ್ನೂ ಲೆಕ್ಕಿಸದೆ ಹಾದುಹೋಗಿದ್ರೆ ಅಲ್ಲಿ ಬರೆದವರು ಯಾರೂ ಇಲ್ಲ.

ಪ್ರಿಂಟ್ ಕೀಳು ಅಂತ ನಾನು ಹೇಳ್ತಿಲ್ಲ. ಅವಸರದ ಕೈನಕಲಿಗಿಂತ ಒಳ್ಳೇ ಪ್ರಿಂಟೇ ವಾಸಿ. ಆದ್ರೆ ಪ್ರಿಂಟಿಗೆ ಪ್ರಿಂಟಿನ ದುಡ್ಡು ಕೊಡಿ. ಮೊರಾನ್ ತೀರಿಕೊಂಡಿದ್ದು 1926ರಲ್ಲಿ, ಈ ಚಿತ್ರದ ಕಾಪಿರೈಟ್ ಯಾವತ್ತೋ ಮುಗಿದಿದೆ. 'ಲಿಮಿಟೆಡ್ ಎಡಿಷನ್' ಅಂದ್ರೆ ಆ ಮಿತಿ ಹಾಕಿಕೊಂಡವನು ಅಂಗಡಿಯವನೇ. ಅವನು ನಿಲ್ಲಿಸಿದ್ರೂ ಪಕ್ಕದ ಅಂಗಡಿ ನಾಳೆ ಅದನ್ನೇ ಛಾಪಿಸಬಹುದು.

ಇನ್ನು ಅಳತೆ. ಮೂಲದಲ್ಲಿ ಬಂಡೆಯ ಅಂಚಿಗೆ ಪುಟ್ಟ ಮನುಷ್ಯರು ನಿಂತಿದ್ದಾರೆ. ಕಣಿವೆ ಎಷ್ಟು ದೊಡ್ಡದು ಅನ್ನೋದಕ್ಕೆ ಅವರೇ ಅಳತೆಗೋಲು. ಸೋಫಾ ಮೇಲಿನ ಜಾಗಕ್ಕೆ ಹೊಂದಲಿ ಅಂತ ಚಿತ್ರ ಕತ್ತರಿಸಿದ್ರೆ ಅವರು ಹೋಗ್ತಾರೆ. ತೀರಾ ಚಿಕ್ಕದು ಮಾಡಿದ್ರೆ ಸಾಸಿವೆ ಕಾಳಾಗ್ತಾರೆ. ಪೂರ್ತಿ ಚಿತ್ರ ಕೇಳಿ.

ಕೈನಕಲಾದ್ರೆ ಹಿಂಬದಿಯಲ್ಲಿ 'ನಕಲು' ಅಂತ, ಬರೆದವರ ಹೆಸರು, ವರ್ಷ ಹಾಕಿಸಿ. ಮುಂದೆ ಮೊರಾನ್ ಸಹಿಯನ್ನೂ ಇಳಿಸಿದ್ರಂತೂ ಇದು ಬೇಕೇ ಬೇಕು. ಬಿಲ್ಲಲ್ಲೂ ಬರೀ 'ಅಕ್ರಿಲಿಕ್' ಅಂತ ಬಿಡಬೇಡಿ. ಬಣ್ಣವಾ, ಹಾಳೆಯಾ, ಜೆಲ್ಲಾ, ಅದನ್ನು ಬರೆಸಿಕೊಂಡೇ ದುಡ್ಡು ಕೊಡಿ.