ಪ್ರೋಗ್ರಾಮ್ ಬರೆಯುವವರ ಮೇಜು
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



"ಮಗ ಸಾಫ್ಟ್‌ವೇರ್ ಕಲಿಯಬೇಕಂತೆ, ಯಾವ ಕಂಪ್ಯೂಟರ್ ಕೊಡಿಸಲಿ?" ಎಂದು ಕೇಳುವ ತಂದೆತಾಯಿಗಳು ಈಗ ಬಹಳ ಮಂದಿ. ಬೆಲೆ ಕೇಳಿ ಕೆಲವರು ಸುಮ್ಮನಾಗುತ್ತಾರೆ, ಕೆಲವರು ಒಡವೆ ಅಡವಿಡುತ್ತಾರೆ. ನಮ್ಮ ಮನೆಯಲ್ಲಿ ನಡೆದದ್ದು ಎರಡನೆಯದು. 2004ರಲ್ಲಿ ಆಪಾ ತನ್ನ ಸರ ಅಡವಿಟ್ಟು ನನಗೆ ಕಂಪ್ಯೂಟರ್ ಕೊಡಿಸಿದಳು. ಯುಪಿಎಸ್‌ಗೆ ಹಣ ಉಳಿಯಲಿಲ್ಲ. ಕೊನೆಯ ವರ್ಷದ ಪ್ರಾಜೆಕ್ಟ್ ಒಪ್ಪಿಸಲು ನಾಲ್ಕು ದಿನವಿರುವಾಗ, ಒಂದು ಸಂಜೆ ಕರೆಂಟ್ ಹತ್ತಾರು ಸಲ ಹೋಗಿ ಬಂದು ಹಾರ್ಡ್ ಡಿಸ್ಕ್ ಕೆಟ್ಟಿತು. ಬೇರೆಲ್ಲೂ ಪ್ರತಿ ಇಟ್ಟಿರಲಿಲ್ಲ. ಆಪಾ ಏನೂ ಅನ್ನಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತೇನೋ.

ಆದ್ದರಿಂದ ವಿದ್ಯುತ್ತಿನ ಮಾತನ್ನೇ ಮೊದಲು ಆಡುತ್ತೇನೆ. ನಮ್ಮ ಊರುಗಳಿಗೆ ಡೆಸ್ಕ್‌ಟಾಪ್‌ಗಿಂತ ಲ್ಯಾಪ್‌ಟಾಪ್ ಒಳ್ಳೆಯದು. ಬ್ಯಾಟರಿಯೇ ಅದರ ಯುಪಿಎಸ್. ಡೆಸ್ಕ್‌ಟಾಪ್ ಇದ್ದರೆ ಯುಪಿಎಸ್ ಕೊಳ್ಳಲೇಬೇಕು. ಮೂರು ಪಿನ್ನಿನ ಪ್ಲಗ್ಗಿಗೆ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಒಬ್ಬರಿಂದ ನೋಡಿಸಿ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ಮೆಂದರೆ ಅಲಕ್ಷಿಸಬೇಡಿ.

ಹೊಸದೇ ಬೇಕೆಂದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಹೊಂದದ, ಆದರೆ ಗಟ್ಟಿಮುಟ್ಟಾದ ಕಚೇರಿ ಲ್ಯಾಪ್‌ಟಾಪ್‌ಗಳು ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಗುತ್ತವೆ. ಅದಕ್ಕೆ ಉಚಿತವಾಗಿ ಸಿಗುವ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿಕೊಳ್ಳಿ. ಲಿನಕ್ಸ್ ಹುಟ್ಟಿದ್ದೇ 1991ರಲ್ಲಿ, ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್‌ರ ಮನೆಯ ಕಂಪ್ಯೂಟರಿನಲ್ಲಿ. ಹಾರ್ಡ್ ಡಿಸ್ಕ್ ಇದ್ದರೆ ತೆಗೆದು ಎಸ್‌ಎಸ್‌ಡಿ ಹಾಕಿಸಿ. ಹಳೆಯ ಯಂತ್ರಕ್ಕೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಪೈಥಾನ್, ವೆಬ್ ಕೆಲಸಕ್ಕೆ 8 ಜಿಬಿ ರ‍್ಯಾಮ್ ಸಾಕು, ಆಂಡ್ರಾಯ್ಡ್ ಸ್ಟುಡಿಯೋ ಬಳಸುವವರಿಗೆ 16 ಬೇಕು. ರ‍್ಯಾಮ್ ಹೆಚ್ಚಿಸಲು ಬರುತ್ತದೆಯೇ ಎಂದು ಕೊಳ್ಳುವ ಮೊದಲೇ ಕೇಳಿ, ಕೆಲವು ಮಾದರಿಗಳಲ್ಲಿ ಅದನ್ನು ಬೆಸುಗೆ ಹಾಕಿಬಿಟ್ಟಿರುತ್ತಾರೆ. ಗ್ರಾಫಿಕ್ಸ್ ಕಾರ್ಡಿನ ಆಸೆ ಬೇಡ. ಅದು ಆಟಕ್ಕೆ ಬೇಕು ಎಂಬುದು ಹುಡುಗರಿಗೂ ಗೊತ್ತು.

ನನಗೆ 2004ರಲ್ಲಿ ಇಲ್ಲದ್ದು ನಿಮಗಿದೆ. 2005ರಲ್ಲಿ ಅದೇ ಟೋರ್ವಾಲ್ಡ್ಸ್ 'ಗಿಟ್' ಬರೆದರು. ಕಮಿಟ್ ಮಾಡಿದ ಪ್ರತಿ ಬದಲಾವಣೆಯನ್ನೂ ಅದು ನೆನಪಿಡುತ್ತದೆ. ದಿನದ ಕೆಲಸ ಮುಗಿಸುವ ಮುನ್ನ ಒಂದು ಪ್ರತಿಯನ್ನು ಇಂಟರ್ನೆಟ್ಟಿನಲ್ಲಿರುವ ಖಾತೆಗೆ ಕಳಿಸಿ. ಆಮೇಲೆ ಲ್ಯಾಪ್‌ಟಾಪ್ ಕೆಟ್ಟರೂ ಬರೆದದ್ದು ಉಳಿದಿರುತ್ತದೆ.

ಕನ್ನಡ ಯೂನಿಕೋಡ್ ಕೀಲಿಮಣೆಯನ್ನೂ ಮೊದಲ ದಿನವೇ ಸಿದ್ಧಮಾಡಿಕೊಳ್ಳಿ. ನಾಳೆ ಅರಿಶಿನ ಮಂಡಿಗೋ ಹೂವಿನ ವ್ಯಾಪಾರಿಗೋ ನೀವು ಬಿಲ್ಲಿನ ಪ್ರೋಗ್ರಾಮ್ ಬರೆದರೆ ಅದು ಕನ್ನಡದಲ್ಲಿರಬೇಕು. 'ಗುಂಡ್ಲುಪೇಟೆ' ಎಂದು ಬರೆದು ಉದ್ದ ಎಷ್ಟೆಂದು ಪೈಥಾನನ್ನು ಕೇಳಿ. ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ, ಅದು 11 ಎನ್ನುತ್ತದೆ. ಕಾಗುಣಿತ, ಒತ್ತು, ಸೊನ್ನೆಗಳನ್ನೆಲ್ಲ ಅದು ಬೇರೆ ಬೇರೆ ಎಣಿಸುತ್ತದೆ. ಇದು ತಿಳಿಯದೆ ಹೆಸರನ್ನು ಅರ್ಧಕ್ಕೆ ಕತ್ತರಿಸಿದರೆ ಬಿಲ್ಲಿನಲ್ಲಿ ಊರೇ ಕೆಟ್ಟುಹೋಗುತ್ತದೆ.

ಕುಳಿತುಕೊಳ್ಳುವುದಕ್ಕೆ ದುಬಾರಿ ಕುರ್ಚಿ ಬೇಡ. ಬೆನ್ನಿಗೆ ಆಸರೆ, ಪಾದ ನೆಲಕ್ಕೆ ತಾಗುವ ಎತ್ತರ ಇದ್ದರಾಯಿತು. ಹಳೆಯ ಪುಸ್ತಕಗಳ ಮೇಲೆ ಲ್ಯಾಪ್‌ಟಾಪ್ ಇಟ್ಟು ಪರದೆಯನ್ನು ಕಣ್ಣಿನ ಮಟ್ಟಕ್ಕೆ ತಂದು, ಬೇರೆ ಕೀಬೋರ್ಡ್ ಜೋಡಿಸಿ.

ತಾಯಂದಿರಲ್ಲಿ ಒಂದು ವಿನಂತಿ. ಮಗನ ಮೇಜನ್ನು ಯಾರೂ ಮುಟ್ಟುವುದಿಲ್ಲ. ಮಗಳ ಮೇಜಿನ ಮೇಲೆ ನೆಂಟರು ಬಂದಾಗ ತಟ್ಟೆ ಲೋಟ ಬಂದು ಕೂರುತ್ತವೆ. ಅವಳಿಗೂ ದಿನಕ್ಕೆ ಎರಡು ಗಂಟೆ ಯಾರೂ ಎಬ್ಬಿಸದ ಒಂದು ಮೂಲೆ ಕೊಡಿ.

ಹಳೆಯ ಲ್ಯಾಪ್‌ಟಾಪ್ ತಂದಿರುವವರು ಚಹಾದ ಹೊತ್ತಿಗೆ ನನ್ನ ಬಳಿ ಬನ್ನಿ. ಸ್ಕ್ರೂಡ್ರೈವರ್ ತಂದಿದ್ದೇನೆ, ಬಿಚ್ಚಿ ನೋಡೋಣ.