ಪಿಕ್‌ಅಪ್ ಗಾಡಿ ಕೊಳ್ಳುವ ಮುನ್ನ



ಅತ್ತಿಗುಂಡಿಯ ಕಡೆಯಿಂದ ಕಾಫಿ ಮೂಟೆ ಹೇರಿಕೊಂಡು ಕೈಮರದತ್ತ ಇಳಿಯುವವರಿಗೆ ಘಾಟಿಯ ತಿರುವುಗಳನ್ನು ನಾನು ವರ್ಣಿಸಬೇಕಾಗಿಲ್ಲ. ಈಗ ಅನೇಕ ಮನೆಗಳಲ್ಲಿ ಪಿಕ್‌ಅಪ್ ಕೊಳ್ಳುವ ಮಾತು ನಡೆದಿದೆ. ಬೆಲೆ, ಮೈಲೇಜು, ಸಾಲದ ಕಂತು ಎಲ್ಲವನ್ನೂ ವಿಚಾರಿಸುತ್ತೀರಿ. ಬ್ರೇಕಿನ ವಿಷಯ ಕೇಳುವವರು ಮಾತ್ರ ಕಡಿಮೆ.

ಮೊದಲು ಎ.ಬಿ.ಎಸ್. ಎಂಬ ಬ್ರೇಕು ಇದೆಯೇ ಎಂದು ಕೇಳಿ. ಸಾಧಾರಣ ಬ್ರೇಕನ್ನು ಜೋರಾಗಿ ಒತ್ತಿದರೆ ಚಕ್ರ ಕಚ್ಚಿ ನಿಂತು, ಗಾಡಿ ಮಳೆಯ ರಸ್ತೆಯಲ್ಲಿ ಜಾರುತ್ತದೆ. ಸ್ಟೀರಿಂಗ್ ತಿರುಗಿಸಿದರೂ ಮಾತು ಕೇಳುವುದಿಲ್ಲ. ಎ.ಬಿ.ಎಸ್. ಚಕ್ರವನ್ನು ಕಚ್ಚಲು ಬಿಡುವುದಿಲ್ಲ. ಒತ್ತಿದಾಗ ಪೆಡಲು ಕಾಲಿನಡಿ ನಡುಗುತ್ತದೆ. ಹೆದರಿ ಕಾಲು ತೆಗೆಯಬೇಡಿ. ಆದರೆ ಜಲ್ಲಿಕಲ್ಲಿನ ತೋಟದ ದಾರಿಯಲ್ಲಿ ಅದು ಗಾಡಿಯನ್ನು ಬೇಗ ನಿಲ್ಲಿಸುತ್ತದೆಂದು ನಂಬಬಾರದು. ಅಲ್ಲಿ ನಿಧಾನವೇ ಸರಿ.

ಇಳಿಜಾರಿನಲ್ಲಿ ಬ್ರೇಕನ್ನೇ ಒತ್ತಿಕೊಂಡು ಬಂದರೆ ಅದು ಕಾದು ಹಿಡಿತ ಬಿಡುತ್ತದೆ. ಕೆಳಗಿನ ಗೇರಿನಲ್ಲಿ ಇಳಿಯಿರಿ. ಡೀಸೆಲ್ ಉಳಿಸಲು ನ್ಯೂಟ್ರಲ್‌ಗೆ ಹಾಕುವವರಿದ್ದಾರೆ, ಆ ಉಳಿತಾಯ ನಮಗೆ ಬೇಡ.

ಇನ್ನು ಭಾರ. ಆರ್.ಸಿ.ಯಲ್ಲಿ ಖಾಲಿ ತೂಕ, ತುಂಬಿದ ತೂಕ ಎರಡೂ ಬರೆದಿರುತ್ತವೆ. ಕಳೆದು ನೋಡಿ. 1,300 ಕಿಲೋ ಬಂತೆನ್ನಿ. ಅಂದರೆ 50 ಕಿಲೋದ 26 ಮೂಟೆ. ಜನ ಕೂತರೆ ಅವರ ತೂಕವೂ ಅದರಲ್ಲೇ ಸೇರಿತು. "ಇನ್ನೆರಡು ಹಾಕಪ್ಪ" ಎನ್ನುವ ಮುಂಚೆ ಈ ಲೆಕ್ಕ ನೆನಪಿರಲಿ.

ಏರ್‌ಬ್ಯಾಗಿನ ವಿಚಾರ ಎಲ್ಲರೂ ಕೇಳುತ್ತಾರೆ. 2022ರಲ್ಲಿ ನಮ್ಮ ದೇಶಕ್ಕೆ ಬಂದ ಟೊಯೋಟಾ ಹೈಲಕ್ಸಿಗೆ ಏಳು ಏರ್‌ಬ್ಯಾಗುಗಳಿದ್ದವು. ಒಳ್ಳೆಯದೇ, ಆದರೆ ಅದರ ಬೆಲೆ ನಮ್ಮ ಸಣ್ಣ ಬೆಳೆಗಾರರ ಕೈಗೆ ಎಟಕುವಂಥದ್ದಲ್ಲ. ಬೆಲ್ಟು ಕಟ್ಟದವನನ್ನು ಏರ್‌ಬ್ಯಾಗೊಂದೇ ಕಾಯುವುದೂ ಇಲ್ಲ. 2023ರ ಅಕ್ಟೋಬರಿನಲ್ಲಿ ಆರಂಭವಾದ ಭಾರತ್ ಎನ್‌ಕ್ಯಾಪ್ ಪರೀಕ್ಷೆಯ ನಕ್ಷತ್ರಗಳನ್ನು ಕಾರುಗಳಿಗಾಗಿ ಏರ್ಪಡಿಸಿದ್ದು. ಸರಕಿನ ಗಾಡಿಗೆ ಆ ಅಳತೆ ಹುಡುಕಬೇಡಿ.

ನಾನು ಮುಖ್ಯವಾಗಿ ಹೇಳಬೇಕೆಂದದ್ದು ಬೇರೆ. ಕೊಯ್ಲಿನ ಕಾಲದಲ್ಲಿ ಗಾಡಿಯ ಹಿಂದೆ ನಿಂತು ಬರುವವರು ಯಾರು? ಹೆಣ್ಣಾಳುಗಳು, ಒಮ್ಮೊಮ್ಮೆ ಅವರ ಮಕ್ಕಳು. ಅವರಿಗೆ ಬೆಲ್ಟೂ ಇಲ್ಲ, ಏರ್‌ಬ್ಯಾಗೂ ಇಲ್ಲ, ಹಿಡಿಯಲು ಮೂಟೆಯ ಹಗ್ಗ ಮಾತ್ರ. ಸರಕಿನ ಗಾಡಿಯಲ್ಲಿ ಪುಕ್ಕಟೆ ಬಂದ ಪ್ರಯಾಣಿಕರ ಪರಿಹಾರಕ್ಕೆ ವಿಮಾ ಕಂಪನಿ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲೇ ತೀರ್ಪಿತ್ತಿದೆ. ವಿಮೆ ಕಟ್ಟಿದ್ದೇನಲ್ಲಾ ಎಂದು ನೀವು ಧೈರ್ಯವಾಗಿದ್ದರೆ, ಪರಿಹಾರದ ಹೊರೆ ನಿಮ್ಮ ತೋಟದ ಮೇಲೆಯೇ ಬೀಳಬಹುದು.

ಆದ್ದರಿಂದ ಆಳುಗಳನ್ನು ಕರೆತರುವ ಅವಶ್ಯಕತೆ ಇರುವ ಮನೆಯವರು ಎರಡು ಸಾಲು ಸೀಟಿನ ಡಬಲ್ ಕ್ಯಾಬ್ ನೋಡಿ. ಬೊಲೆರೊ ಕ್ಯಾಂಪರಿನಂಥದ್ದರಲ್ಲಿ ಚಾಲಕನೂ ಸೇರಿ ಐದು ಜನ ಒಳಗೆ ಕೂರಬಹುದು. ಸರಕಿನ ಜಾಗ ಕಡಿಮೆಯಾಗುತ್ತದೆ, ನಿಜ. ಮೂಟೆಗೆ ಎರಡು ಸಲ ಓಡಾಡಿದರಾಯಿತು. ಹಿಂದಿನ ಸೀಟಿಗೂ ಬೆಲ್ಟು ಇದೆಯೇ ಎಂದು ಕೈಯಿಂದ ಎಳೆದು ನೋಡಿ. ಹೆಚ್ಚು ಜನರಿದ್ದರೆ ಪ್ರಯಾಣಿಕರ ಗಾಡಿಯನ್ನೇ ಬಾಡಿಗೆಗೆ ಕರೆಯಿರಿ.

ಕೊನೆಗೊಂದು ಮಾತು. ಪೇಟೆಯ ಸಮತಟ್ಟು ರಸ್ತೆಯಲ್ಲಿ ಓಡಿಸಿ ಗಾಡಿಯನ್ನು ಒಪ್ಪಬೇಡಿ. ಕೈಮರದಿಂದ ಮೇಲಕ್ಕೆ ಹತ್ತಿಸಿ, ಮತ್ತೆ ಇಳಿಸಿ ತೋರಿಸಿ ಅನ್ನಿ. ಮುಂಗಡ ಆಮೇಲೆ ಕೊಡಿ.